ಹುಬ್ಬಿನ ಗಂಟಿಗೆ ಒಂದು ಸೂಜಿ, ಕೆನ್ನೆಯ ಗೆರೆಗೆ ಇನ್ನೊಂದು

ಪ್ರಶ್ನೆ: ನನಗೆ 52 ವರ್ಷ. ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಇನ್ನೆರಡು ತಿಂಗಳಿಗೆ ಮಗಳ ಮದುವೆ. ನಿಶ್ಚಿತಾರ್ಥದ ಫೋಟೋಗಳಲ್ಲಿ ನನ್ನ ಹುಬ್ಬುಗಳ ನಡುವೆ ಎರಡು ಗೆರೆಗಳು ಎದ್ದು ಕಾಣುತ್ತಿವೆ. ಯಾವ ಫೋಟೋ ನೋಡಿದರೂ ಸಿಟ್ಟಿನಲ್ಲಿರುವವಳಂತೆ ಕಾಣುತ್ತೇನೆ. ಕಣ್ಣಿನ ಕೆಳಗೆ ಗುಳಿ ಬಿದ್ದಿದೆ, ಮೂಗಿನ ಪಕ್ಕದಿಂದ ಬಾಯಿಯವರೆಗೆ ಗೆರೆ ಮೂಡಿದೆ. ನಾನು ಹೋಗುವ ಬ್ಯೂಟಿ ಪಾರ್ಲರಿನವರು ‘ಬೊಟಾಕ್ಸ್ ಫಿಲ್ಲರ್’ ಇಂಜೆಕ್ಷನ್ನನ್ನು ಆಸ್ಪತ್ರೆಯ ಅರ್ಧ ದರಕ್ಕೆ ಕೊಡುತ್ತೇವೆ ಎನ್ನುತ್ತಾರೆ. ಹೃದಯದ ಡಾಕ್ಟರು ಹೇಳಿದಂತೆ ದಿನವೂ ಆಸ್ಪಿರಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೊಟಾಕ್ಸ್ ವಿಷವಂತೆ, ನಿಜವೇ? ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲವೇ? ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮನೆಯವರು ಕೇಳುತ್ತಾರೆ.

ಉತ್ತರ: ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಪಾರ್ಲರಿನಲ್ಲಿ ಯಾವ ಇಂಜೆಕ್ಷನ್ನನ್ನೂ ಮಾಡಿಸಿಕೊಳ್ಳಬೇಡಿ. ಅರ್ಧ ದರಕ್ಕೂ ಬೇಡ, ಉಚಿತವಾಗಿ ಕೊಟ್ಟರೂ ಬೇಡ. ‘ಬೊಟಾಕ್ಸ್ ಫಿಲ್ಲರ್’ ಎಂಬ ಔಷಧವೇ ಇಲ್ಲ. ಬೊಟಾಕ್ಸ್ ಒಂದು, ಫಿಲ್ಲರ್ ಇನ್ನೊಂದು. ಒಂದು ಸ್ನಾಯುವಿನ ಬಿಗಿಯನ್ನು ಸಡಿಲಿಸುತ್ತದೆ, ಇನ್ನೊಂದು ತಗ್ಗನ್ನು ತುಂಬುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು ಮಾರುವವರಿಗೆ ತಮ್ಮ ಸಿರಿಂಜಿನಲ್ಲಿ ಏನಿದೆ ಎಂಬುದೇ ಸರಿಯಾಗಿ ಗೊತ್ತಿಲ್ಲ ಎಂದು ತಿಳಿಯಬೇಕಾಗುತ್ತದೆ. ಪಾರ್ಲರುಗಳಲ್ಲಿ ಕೂದಲು ನುಣುಪಾಗಿಸುವ ಚಿಕಿತ್ಸೆಗೂ ಬೊಟಾಕ್ಸ್ ಎಂದೇ ಹೆಸರಿದೆ. ಅದರಲ್ಲಿ ಈ ಔಷಧದ ಒಂದು ಕಣವೂ ಇರುವುದಿಲ್ಲ. ಮುಖಕ್ಕೆ ಹಚ್ಚಿದರೆ ಬೊಟಾಕ್ಸಿನ ಕೆಲಸ ಮಾಡುತ್ತದೆ ಎನ್ನುವ ಕ್ರೀಮುಗಳ ಮಾತನ್ನೂ ನಂಬಬೇಡಿ. ಇದು ಬಹಳ ದೊಡ್ಡ ಪ್ರೋಟೀನು. ಹಾಗೆ ಸವರಿದ ಮಾತ್ರಕ್ಕೆ ಚರ್ಮವನ್ನು ದಾಟಿ ಒಳಗಿನ ಸ್ನಾಯುವನ್ನು ತಲುಪುವುದಿಲ್ಲ.

ಇನ್ನು ನಿಮ್ಮ ಗೆರೆಗಳ ವಿಷಯ. ಕನ್ನಡಿಯ ಮುಂದೆ ಕುಳಿತು ಹುಬ್ಬು ಗಂಟಿಕ್ಕಿ ನೋಡಿ. ಆಗ ಹುಬ್ಬುಗಳ ನಡುವಿನ ಎರಡು ಗೆರೆ ಆಳವಾಗುತ್ತವೆ. ಮುಖ ಸಡಿಲ ಬಿಟ್ಟಾಗ ಅವು ಪೂರ್ತಿ ಮಾಯವಾದರೆ ಅದು ಸ್ನಾಯು ಎಳೆದು ಮಾಡಿದ ಗೆರೆ. ಸಡಿಲ ಬಿಟ್ಟ ಮೇಲೂ ಉಳಿದರೆ, ವರ್ಷಗಟ್ಟಲೆ ಮಡಚಿದ ಬಟ್ಟೆಯಲ್ಲಿ ಗೆರೆ ಕೂರುವಂತೆ ಚರ್ಮದಲ್ಲೂ ಕೂತಿದೆ ಎಂದು ಅರ್ಥ. ಮೊದಲನೆಯ ಬಗೆಗೆ ಬೊಟಾಕ್ಸ್ ಚೆನ್ನಾಗಿ ಒಗ್ಗುತ್ತದೆ. ಎರಡನೆಯ ಬಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇದನ್ನು ಮೊದಲೇ ಹೇಳದ ವೈದ್ಯರು ನಿಮಗೆ ಅರ್ಧ ಮಾತು ಮಾತ್ರ ಹೇಳಿದ್ದಾರೆ ಎನ್ನಬೇಕು.

ಇಲ್ಲೇ ಒಂದು ಮಾತು ಕೇಳಿಬಿಡುತ್ತೇನೆ. ನೀವು ಶಿಕ್ಷಕಿ, ವಯಸ್ಸು 52. ಕನ್ನಡಕದ ನಂಬರನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಉತ್ತರ ಪತ್ರಿಕೆ ತಿದ್ದುವಾಗ, ಮೊಬೈಲ್ ನೋಡುವಾಗ ಕಣ್ಣು ಕಿರಿದು ಮಾಡಿ ಹುಬ್ಬು ಗಂಟಿಕ್ಕುವ ಅಭ್ಯಾಸವಿದ್ದರೆ ಅದೇ ಗೆರೆಗಳನ್ನು ದಿನವಿಡೀ ಕೊರೆಯುತ್ತಿರುತ್ತದೆ. ನನ್ನ ಬಳಿ ಬರುವ ನಿಮ್ಮ ವಯಸ್ಸಿನವರಲ್ಲಿ ಕೆಲವರನ್ನು ಇಂಜೆಕ್ಷನ್ನಿಗಿಂತ ಮೊದಲು ಕಣ್ಣಿನ ಡಾಕ್ಟರ ಬಳಿಗೆ ಕಳಿಸುತ್ತೇನೆ. ಕನ್ನಡಕ ಸರಿಯಾಗದೆ ಬೊಟಾಕ್ಸ್ ಹಾಕಿದರೆ ಅದರ ಪ್ರಭಾವ ಇಳಿದ ಕೂಡಲೇ ಹಳೆಯ ಅಭ್ಯಾಸ ಮತ್ತೆ ಕೆಲಸ ಶುರು ಮಾಡುತ್ತದೆ.

ವಿಷ ಹೌದೇ ಎಂದು ಕೇಳಿದ್ದೀರಿ. ಹೌದು, ವಿಷವೇ. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಇದನ್ನು ಉತ್ಪತ್ತಿ ಮಾಡುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಬೊಟುಲಸ್ ಎಂದರೆ ಸಾಸೇಜ್. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್ ಕೆಟ್ಟ ಸಾಸೇಜ್ ತಿಂದು ರೆಪ್ಪೆ ಜೋತು, ನುಂಗಲಾಗದೆ, ಉಸಿರಾಟ ನಿಂತು ಸತ್ತವರ ಲಕ್ಷಣಗಳನ್ನು ವಿವರವಾಗಿ ಬರೆದಿಟ್ಟ. ಸ್ನಾಯು ಅತಿಯಾಗಿ ಎಳೆಯುವ ಕಾಯಿಲೆಗಳಿಗೆ ಈ ವಿಷವೇ ಒಂದು ದಿನ ಮದ್ದಾದೀತು ಎಂದು ಊಹಿಸಿದವನೂ ಅವನೇ. ಅದು ಕೈಗೂಡಲು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ನೇತ್ರತಜ್ಞ ಆಲನ್ ಸ್ಕಾಟ್ ಮೆಳ್ಳಗಣ್ಣಿಗೆ ಇದನ್ನು ಬಳಸಿ ತೋರಿಸಿದರು. 1989ರಲ್ಲಿ ಮೆಳ್ಳಗಣ್ಣಿಗೂ, ಕಣ್ಣು ತಾನಾಗಿ ಬಿಗಿಯಾಗಿ ಮುಚ್ಚಿಕೊಳ್ಳುವ ಕಾಯಿಲೆಗೂ ಅಲ್ಲಿನ ಸರ್ಕಾರದ ಅನುಮತಿ ಸಿಕ್ಕಿತು.

ಗೆರೆಗಳಿಗೆ ಇದು ಬಂದದ್ದು ರೋಗಿಯೊಬ್ಬರ ಮಾತಿನಿಂದ. ಕೆನಡಾದ ವ್ಯಾಂಕೂವರಿನಲ್ಲಿ ನೇತ್ರತಜ್ಞೆ ಜೀನ್ ಕ್ಯಾರುದರ್ಸ್ ಅವರ ಬಳಿ ಕಣ್ಣು ಮುಚ್ಚಿಕೊಳ್ಳುವ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆ, ಈ ಸಲ ಹುಬ್ಬಿನ ನಡುವೆ ಯಾಕೆ ಹಾಕಲಿಲ್ಲ ಎಂದು ಕೇಳಿದರು. ಅಲ್ಲಿ ಹಾಕಿದಾಗಲೆಲ್ಲ ತಮ್ಮ ಮುಖ ನೆಮ್ಮದಿಯಾಗಿ ಕಾಣುತ್ತದೆ ಎಂದರು. ಜೀನ್ ಅವರ ಪತಿ ಅಲಸ್ಟರ್ ಕ್ಯಾರುದರ್ಸ್ ಚರ್ಮತಜ್ಞರು. ಈ ಮಾತಿನ ಜಾಡು ಹಿಡಿದು ಇಬ್ಬರೂ ನಡೆಸಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಹುಬ್ಬುಗಳ ನಡುವಿನ ಗೆರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಈ ಕಥೆಯನ್ನು ನಾನು ರೋಗಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಸಿಟ್ಟಿನಲ್ಲಿರುವವಳಂತೆ ಕಾಣುತ್ತೇನೆ ಎಂಬ ನಿಮ್ಮ ದೂರು ಆ ಮಹಿಳೆಯ ಮಾತಿನ ಇನ್ನೊಂದು ಮುಖವೇ.

ಇದರ ಕೆಲಸ ಹೀಗಿದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿರುತ್ತವೆ. ಅವು ಒಡೆದು ರಾಸಾಯನಿಕ ಹೊರಬಂದಾಗ ಸ್ನಾಯು ಎಳೆಯುತ್ತದೆ. ಚೀಲ ಒಡೆಯಲು ಬೇಕಾದ ಒಂದು ಪ್ರೋಟೀನನ್ನು ಬೊಟಾಕ್ಸ್ ಕತ್ತರಿಸುತ್ತದೆ. ಮೆದುಳಿನ ಅಪ್ಪಣೆ ನರದ ತುದಿಯವರೆಗೆ ಬರುತ್ತದೆ, ಆದರೆ ಸ್ನಾಯುವಿಗೆ ತಲುಪುವುದಿಲ್ಲ. ಸ್ಪರ್ಶಜ್ಞಾನ ಹೋಗುವುದಿಲ್ಲ, ಮುಖ ಮರಗಟ್ಟುವುದಿಲ್ಲ. ಮೂರು ನಾಲ್ಕು ದಿನಕ್ಕೆ ಫಲ ಕಾಣಲು ಶುರುವಾಗಿ ಎರಡು ವಾರಕ್ಕೆ ಪೂರ್ತಿಯಾಗುತ್ತದೆ. ಸುಮಾರು ಮೂರರಿಂದ ನಾಲ್ಕು ತಿಂಗಳಿಗೆ ನರ ತನ್ನ ದಾರಿಯನ್ನು ಮತ್ತೆ ಸರಿಪಡಿಸಿಕೊಳ್ಳುತ್ತದೆ, ಗೆರೆ ಹಿಂದಿನಂತೆ ಮೂಡುತ್ತದೆ. ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲ ಎಂಬ ಭಯಕ್ಕೆ ಉತ್ತರ ಇದೇ. ಬಿಟ್ಟರೆ ನೀವು ಮೊದಲಿದ್ದ ಹಾಗೆ ಆಗುತ್ತೀರಿ, ಅದಕ್ಕಿಂತ ಕೆಟ್ಟದಾಗುವುದಿಲ್ಲ. ಆದರೆ ಮೂರು ತಿಂಗಳಿಗೂ ಮೊದಲೇ ಮತ್ತೆ ಮತ್ತೆ ಹಾಕಿಸಿಕೊಂಡರೆ ದೇಹ ಈ ಪ್ರೋಟೀನಿನ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು ಮುಂದೆ ಔಷಧ ಹಿಡಿಯದೇ ಹೋಗಬಹುದು.

ಪ್ರಮಾಣದ ಲೆಕ್ಕ ಗೊತ್ತಾದರೆ ಹೆದರಿಕೆ ಇಳಿಯುತ್ತದೆ. ಹುಬ್ಬುಗಳ ನಡುವೆ ಬೊಟಾಕ್ಸ್ ಬ್ರಾಂಡಿನ ಅನುಮೋದಿತ ಪ್ರಮಾಣ 20 ಯೂನಿಟ್, ಐದು ಜಾಗಗಳಿಗೆ ತಲಾ 4. ಪಾರ್ಶ್ವವಾಯುವಿನ ನಂತರ ಕೈಕಾಲು ಬಿಗಿದವರಿಗೆ ನರರೋಗ ತಜ್ಞರು ಇದೇ ಔಷಧವನ್ನು 400 ಯೂನಿಟ್‌ವರೆಗೂ ಕೊಡುತ್ತಾರೆ. ಬ್ರಾಂಡ್ ಬದಲಾದರೆ ಯೂನಿಟ್ ಲೆಕ್ಕವೂ ಬದಲಾಗಬಹುದು. ಇದೇ ಬಗೆಯ ಇನ್ನೊಂದು ಬ್ರಾಂಡ್ ಡಿಸ್ಪೋರ್ಟ್‌ನ ಯೂನಿಟ್ಟೂ ಬೊಟಾಕ್ಸಿನ ಯೂನಿಟ್ಟೂ ಒಂದೇ ಅಲ್ಲ. ಆದ್ದರಿಂದ ‘ಇಷ್ಟು ಯೂನಿಟ್ ಹಾಕಿದೆವು’ ಎಂಬ ಮಾತಿನ ಜೊತೆ ಬ್ರಾಂಡಿನ ಹೆಸರನ್ನೂ ಬರೆಸಿಕೊಳ್ಳಬೇಕು.

ಅರ್ಧ ದರ ಹೇಗೆ ಸಾಧ್ಯವಾಗುತ್ತದೆ ಎಂಬುದು ಸೀಸೆಯನ್ನು ಹತ್ತಿರದಿಂದ ನೋಡಿದವರಿಗೆ ತಿಳಿಯುತ್ತದೆ. ಹೊಸ ಸೀಸೆಯನ್ನು ಬೆಳಕಿಗೆ ಹಿಡಿದರೆ ಖಾಲಿ ಇರುವಂತೆ ಕಾಣುತ್ತದೆ. ತಳದಲ್ಲಿ ಹೊಗೆ ಕೂತಂಥ ತೆಳು ಪದರ ಇರುತ್ತದೆ, ಔಷಧವೆಂದರೆ ಅಷ್ಟೇ. ಅದನ್ನು ಸಲೈನ್ ನೀರಿನಲ್ಲಿ ಕರಗಿಸಬೇಕು. ಸೀಸೆಯ ಒಳಗೆ ಗಾಳಿ ಇರದ ಕಾರಣ ಸೂಜಿ ರಬ್ಬರಿನೊಳಗೆ ಹೊಕ್ಕ ಕೂಡಲೇ ಸಿರಿಂಜಿನ ಸಲೈನನ್ನು ಸೀಸೆ ತಾನಾಗಿಯೇ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳದಿದ್ದರೆ ಆ ಸೀಸೆಯನ್ನು ಬಳಸಬಾರದು ಎಂದು ತಯಾರಕರೇ ಹೇಳುತ್ತಾರೆ. 100 ಯೂನಿಟ್ಟಿನ ಸೀಸೆಗೆ 2.5 ಮಿಲಿಲೀಟರ್ ಬೆರೆಸಿದರೆ 0.1 ಮಿಲಿಲೀಟರಿನಲ್ಲಿ 4 ಯೂನಿಟ್ ಸಿಗುತ್ತದೆ. ಅದಕ್ಕೆ ಎರಡರಷ್ಟು ನೀರು ಬೆರೆಸಿದರೂ ನೋಡಲು ಅದೇ ತಿಳಿನೀರು, ಅದೇ ಸಿರಿಂಜು. ನಿಮ್ಮ ಹಣೆಗೆ ಹೋದದ್ದು ಎಷ್ಟು ಎಂದು ನಿಮಗೆ ತಿಳಿಯುವ ದಾರಿಯೇ ಇಲ್ಲ. ಇನ್ನೂ ಕೆಟ್ಟ ಸಾಧ್ಯತೆ ನಕಲಿ ಔಷಧದ್ದು. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್‌ನಿಂದ, ಪರವಾನಗಿ ಇಲ್ಲದವರ ಕೈಯಲ್ಲಿ ಹಾಕಿಸಿಕೊಂಡದ್ದರಿಂದ ಜನ ಕಣ್ಣು ಮಂಜಾಗಿ, ನುಂಗಲು ಕಷ್ಟವಾಗಿ ಆಸ್ಪತ್ರೆ ಸೇರಿದರು. ಆದ್ದರಿಂದ ಪೆಟ್ಟಿಗೆಯನ್ನು ನಿಮ್ಮ ಕಣ್ಣೆದುರೇ ತೆರೆಯಲು ಹೇಳಿ. ಹೆಸರು, ಬ್ಯಾಚ್ ಸಂಖ್ಯೆ, ಅವಧಿಯ ದಿನಾಂಕ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಇದರಿಂದ ಬೇಸರಪಡುವ ವೈದ್ಯರ ಬಳಿ ಕೂರಬೇಕಾಗಿಲ್ಲ.

ಬೊಟಾಕ್ಸಿನ ತೊಂದರೆಗಳು ಬಹುಮಟ್ಟಿಗೆ ತಾತ್ಕಾಲಿಕ. ಸೂಜಿ ಚುಚ್ಚಿದಲ್ಲಿ ಕಂದುಗಟ್ಟುವುದು, ಒಂದು ದಿನದ ತಲೆನೋವು ಸಾಮಾನ್ಯ. ಔಷಧ ಕೆಳಗೆ ಹರಡಿ ರೆಪ್ಪೆ ಎತ್ತುವ ಸ್ನಾಯುವನ್ನು ತಟ್ಟಿದರೆ ಒಂದು ರೆಪ್ಪೆ ಜೋತು ಬೀಳುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ, ಅಲ್ಲಿಯವರೆಗೆ ಕಣ್ಣಿನ ಹನಿಯಿಂದ ಸ್ವಲ್ಪ ಸಹಾಯವಾಗುತ್ತದೆ. ಆದರೆ ಮದುವೆಯ ಮಂಟಪದಲ್ಲಿ ಅದು ಆಗಬಾರದು. ಹಾಕಿಸಿಕೊಂಡ ದಿನ ನಾಲ್ಕು ಗಂಟೆ ಮಲಗಬೇಡಿ, ಆ ಜಾಗವನ್ನು ಉಜ್ಜಬೇಡಿ, ಫೇಶಿಯಲ್, ಸ್ಟೀಮ್ ಬೇಡ. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಮಯಸ್ತೀನಿಯಾ ಗ್ರಾವಿಸ್‌ನಂಥ ಸ್ನಾಯು ದೌರ್ಬಲ್ಯದ ಕಾಯಿಲೆ ಇರುವವರಿಗೆ ನಾನು ಇದನ್ನು ಹಾಕುವುದಿಲ್ಲ. ಮಾಂಸಾಹಾರ ಮುಟ್ಟದವರು ಕೆಲವರು ಕೇಳುತ್ತಾರೆ, ಅದಕ್ಕೇ ಇಲ್ಲಿ ಹೇಳುತ್ತೇನೆ: ಬೊಟಾಕ್ಸಿನಲ್ಲಿ ಮನುಷ್ಯರ ರಕ್ತದಿಂದ ಪಡೆದ ಆಲ್ಬುಮಿನ್ ಎಂಬ ಪ್ರೋಟೀನು ಇರುತ್ತದೆ. ಡಿಸ್ಪೋರ್ಟ್‌ನಲ್ಲಿ ಹಸುವಿನ ಹಾಲಿನ ಪ್ರೋಟೀನಿನ ಅಂಶವಿರಬಹುದಾದ್ದರಿಂದ ಆ ಅಲರ್ಜಿ ಇರುವವರು ಅದನ್ನು ತೆಗೆದುಕೊಳ್ಳಬಾರದು. ಈ ವಿಷಯ ತಿಳಿದ ಮೇಲೆ ಬೇಡವೆಂದು ಎದ್ದು ಹೋದವರೂ ಇದ್ದಾರೆ. ಅದು ಅವರ ಹಕ್ಕು.

ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಫಿಲ್ಲರಿನ ಬಳಿ. ಇಲ್ಲಿ ತಪ್ಪಿದರೆ ಮೂರು ತಿಂಗಳು ಕಾದರೆ ಸರಿಹೋಗುತ್ತದೆ ಎಂಬ ಸಮಾಧಾನ ಇಲ್ಲ.

ಈಗ ಹೆಚ್ಚಾಗಿ ಬಳಸುವ ಫಿಲ್ಲರ್ ಹೈಯಲುರಾನಿಕ್ ಆಮ್ಲದ ಜೆಲ್. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನೊಳಗೆ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಡುವ ವಸ್ತು ಇದು. 1934ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಈಗ ಫಿಲ್ಲರಿಗೆ ಬೇಕಾದದ್ದನ್ನು ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಪಡೆಯುತ್ತಾರೆ. ಎಳೆಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡಿರುವುದರಿಂದ ಜಾಗ ಮತ್ತು ಜೆಲ್ಲನ್ನು ಅವಲಂಬಿಸಿ ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಿಲ್ಲುತ್ತದೆ. ಇದರ ದೊಡ್ಡ ಗುಣವೆಂದರೆ ಬೇಡವೆನಿಸಿದರೆ ಕರಗಿಸಬಹುದು. ಹೈಯಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ಜೆಲ್ ಒಡೆಯುತ್ತದೆ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ಚೆನ್ನಾಗಿ ಹರಡಲೆಂದು ನೇತ್ರ ವೈದ್ಯರೂ ಬಳಸುವ ಔಷಧವೇ ಇದು. ಸಿಲಿಕೋನ್‌ನಂಥ ಶಾಶ್ವತ ದ್ರವಗಳನ್ನು ಮುಖಕ್ಕೆ ಯಾರು ಕೊಡುತ್ತೇನೆಂದರೂ ಒಪ್ಪಬೇಡಿ. ಅವು ಕರಗುವುದಿಲ್ಲ. ವರ್ಷಗಳ ನಂತರವೂ ಗಂಟುಕಟ್ಟಿ ಬಾತುಕೊಳ್ಳಬಹುದು.

ಅಪಾಯ ಇರುವುದು ಜೆಲ್ ರಕ್ತನಾಳದೊಳಗೆ ಹೋದರೆ, ಅಥವಾ ನಾಳವನ್ನು ಹೊರಗಿನಿಂದ ಒತ್ತಿದರೆ. ನೀವು ಹೇಳಿದ ಮೂಗಿನ ಪಕ್ಕದ ಗೆರೆಯ ಆಸುಪಾಸಿನಲ್ಲೇ ಮುಖದ ದೊಡ್ಡ ಅಪಧಮನಿ ಹಾದುಹೋಗುತ್ತದೆ. ಅದು ಎಲ್ಲರಲ್ಲೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ, ಒಂದೇ ಆಳದಲ್ಲೂ ಇರುವುದಿಲ್ಲ. ಹುಬ್ಬುಗಳ ನಡುವಿನ, ಮೂಗಿನ ಮೇಲಿನ ನಾಳಗಳು ಕಣ್ಣಿಗೆ ರಕ್ತ ಕೊಡುವ ನಾಳದೊಂದಿಗೆ ಕೂಡಿಕೊಂಡಿವೆ. ಅಲ್ಲಿ ಒತ್ತಡದಿಂದ ತಳ್ಳಿದ ಜೆಲ್ ಹಿಮ್ಮುಖವಾಗಿ ಸಾಗಿ ಕಣ್ಣಿನ ರೆಟಿನಾದ ನಾಳವನ್ನು ಮುಚ್ಚಿದರೆ ಆ ಕಣ್ಣಿನ ದೃಷ್ಟಿ ಹೋಗುತ್ತದೆ. ಇದು ಅಪರೂಪ. ಆದರೆ ಆದಾಗ ದೃಷ್ಟಿ ಮರಳುವುದು ಅದಕ್ಕಿಂತಲೂ ಅಪರೂಪ. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ತಳ್ಳುವ ‘ಪೆನ್ನು’ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2021ರಲ್ಲೇ ಎಚ್ಚರಿಸಿದ್ದಾರೆ.

ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ. ವೈದ್ಯರಲ್ಲದವರಿಂದ ಮೂಗಿನ ಪಕ್ಕದ ಗೆರೆಗೆ ಫಿಲ್ಲರ್ ಹಾಕಿಸಿಕೊಂಡಿದ್ದರು. ಅಂದು ಸಂಜೆಯೇ ಸುಡುವ ನೋವು ಶುರುವಾಗಿತ್ತು. ಫೋನ್ ಮಾಡಿದರೆ ಐಸ್ ಇಟ್ಟುಕೊಳ್ಳಿ, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆ ಎಂಬ ಉತ್ತರ. ಮರುದಿನ ಸಂಜೆ ನನ್ನ ಮುಂದೆ ಕೂತಾಗ ಮೂಗಿನ ಹೊಳ್ಳೆಯಿಂದ ಮೇಲ್ದುಟಿಯವರೆಗೆ ಚರ್ಮ ಬಲೆ ಹೆಣೆದಂತೆ ನೀಲಿಗಪ್ಪಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟೆ. ಆಚೆ ಕೆನ್ನೆಯಲ್ಲಿ ಕ್ಷಣದಲ್ಲಿ ಮರಳಿದ ಬಣ್ಣ ಈಚೆ ಬಹಳ ಹೊತ್ತಾದರೂ ಮರಳಲಿಲ್ಲ. ಗಂಟೆಗೊಮ್ಮೆ ಹೈಯಲುರಾನಿಡೇಸ್ ಕೊಡುತ್ತಾ ರಾತ್ರಿ ಹನ್ನೊಂದರವರೆಗೆ ಅವರ ಪಕ್ಕದಲ್ಲೇ ಇದ್ದೆ. ಮೂಗು ಉಳಿಯಿತು. ಹೊಳ್ಳೆಯ ಅಂಚಿನಲ್ಲಿ ಬೇಳೆಕಾಳಿನಷ್ಟು ಕಲೆ ಶಾಶ್ವತವಾಗಿ ಉಳಿಯಿತು. ಹಿಂದಿನ ಸಂಜೆಯೇ ಬಂದಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ ಎಂದು ಇಂದಿಗೂ ಅನಿಸುತ್ತದೆ. ಬಿಳಿ ಚರ್ಮದವರ ಚಿತ್ರಗಳಿರುವ ಪುಸ್ತಕ ಓದಿ ಕಲಿತವರು ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಈ ಬಣ್ಣದ ಬದಲಾವಣೆಯನ್ನು ಗುರುತಿಸದೇ ಹೋಗಬಹುದು. ಆದ್ದರಿಂದ ನಮ್ಮವರಲ್ಲಿ ಬಣ್ಣದ ಜೊತೆಗೆ ನೋವನ್ನೂ ನಂಬಬೇಕು. ಹಾಕಿಸಿಕೊಂಡ ಮೇಲೆ ನೋವು ಏರುತ್ತಲೇ ಹೋದರೆ, ದೃಷ್ಟಿ ಮಸುಕಾದರೆ ಒಂದು ಗಂಟೆಯೂ ಕಾಯಬಾರದು. ದೃಷ್ಟಿಗೆ ತೊಂದರೆಯಾದರೆ ನೇರವಾಗಿ ಕಣ್ಣಿನ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ.

ಹಾಗಾದರೆ ನಿಮಗೆ ನನ್ನ ಸಲಹೆ ಏನು? ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್ ಮಾಡಿಸಿಕೊಳ್ಳಬಹುದು, ಸಮಯವೂ ಇದೆ. ಮದುವೆಗೆ ಐದಾರು ವಾರ ಮೊದಲು ಹಾಕಿಸಿಕೊಂಡರೆ ಎರಡು ವಾರಕ್ಕೆ ಫಲ ನೋಡಿ ಹೆಚ್ಚುಕಡಿಮೆ ಸರಿಪಡಿಸಲು, ಅಕಸ್ಮಾತ್ ರೆಪ್ಪೆ ಜೋತರೆ ಬಹುಮಟ್ಟಿಗೆ ಚೇತರಿಸಿಕೊಳ್ಳಲು ಅವಕಾಶ ಇರುತ್ತದೆ. ಮೊದಲ ಸಲ ಕಡಿಮೆ ಹಾಕಲು ಕೇಳಿ. ಮಗಳನ್ನು ಧಾರೆಯೆರೆದು ಕೊಡುವಾಗ ನಿಮ್ಮ ಮುಖದಲ್ಲಿ ದುಃಖ, ಸಂತೋಷ ಎರಡೂ ಮೂಡಬೇಕು. ಅದನ್ನು ತಡೆಯುವಷ್ಟು ಔಷಧ ಬೇಡ.

ಫಿಲ್ಲರ್ ಈಗ ಬೇಡ. ಜೀವನದಲ್ಲಿ ಮೊದಲ ಬಾರಿ ಫಿಲ್ಲರ್ ಹಾಕಿಸಿಕೊಳ್ಳಲು ಮದುವೆಯ ಮುಂಚಿನ ಗಡಿಬಿಡಿ ತಕ್ಕ ಕಾಲವಲ್ಲ. ಅದರಲ್ಲೂ ಕಣ್ಣಿನ ಕೆಳಗಿನ ಗುಳಿ ಕಠಿಣವಾದ ಜಾಗ. ಅಲ್ಲಿ ಚರ್ಮ ತೆಳು, ಜೆಲ್ ನೀರು ಹಿಡಿದು ಊದಿಕೊಳ್ಳಬಹುದು, ಮೇಲ್ಮೈಗೆ ಹತ್ತಿರ ಬಿದ್ದರೆ ನೀಲಿಯಾಗಿ ಕಾಣಬಹುದು. ಅದು ನಿಜವಾಗಿ ಗುಳಿಯೇ ಎಂದು ಮೊದಲು ನೋಡಿ. ಕಿಟಕಿಯ ಬಳಿ ಕೈಕನ್ನಡಿ ಹಿಡಿದು ಮುಖವನ್ನು ನಿಧಾನವಾಗಿ ಬೆಳಕಿನತ್ತ ಎತ್ತಿ. ಕಪ್ಪು ಮಾಯವಾದರೆ ಅದು ಗುಳಿಯ ನೆರಳು. ಹಾಗೇ ಉಳಿದರೆ ಚರ್ಮದ ಬಣ್ಣ, ಅದನ್ನು ಯಾವ ಫಿಲ್ಲರೂ ತಿದ್ದುವುದಿಲ್ಲ. ಮೂಗಿನ ಪಕ್ಕದ ಗೆರೆಗೂ ಕಾರಣ ಬಹಳ ಸಲ ಆ ಗೆರೆಯಲ್ಲಿ ಇರುವುದಿಲ್ಲ. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗಿ ಜಾರುತ್ತದೆ, ದವಡೆಯ ಮೂಳೆ ಸವೆಯುತ್ತದೆ, ಹಲ್ಲು ಕೀಳಿಸಿದ್ದರೆ ಆಧಾರ ಇನ್ನೂ ಕಡಿಮೆಯಾಗುತ್ತದೆ. ಗೆರೆಯನ್ನೇ ತುಂಬಿಸುತ್ತಾ ಹೋದರೆ ಮುಖ ಊದಿಕೊಂಡಂತೆ ಕಾಣುತ್ತದೆ, ವಯಸ್ಸು ಕಡಿಮೆಯಾದಂತೆ ಅಲ್ಲ. ಮದುವೆ ಮುಗಿದ ಮೇಲೆ ನಿಧಾನವಾಗಿ ಯೋಚಿಸಿ.

ಆಸ್ಪಿರಿನ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅದರಿಂದ ಕಂದುಗಟ್ಟುವುದು ಸ್ವಲ್ಪ ಹೆಚ್ಚಬಹುದು, ಒಂದೆರಡು ವಾರದಲ್ಲಿ ಮಾಸುತ್ತದೆ. ಹುಬ್ಬಿನ ಗೆರೆಗಾಗಿ ಹೃದಯವನ್ನು ಪಣಕ್ಕಿಡುವ ಮಾತೇ ಇಲ್ಲ. ಸನ್‌ಸ್ಕ್ರೀನ್ ಇಂದೇ ಶುರು ಮಾಡಿ, ಬಿಸಿಲಿನಲ್ಲಿ ಓಡಾಡುವ ದಿನ ಮತ್ತೆ ಹಚ್ಚಿಕೊಳ್ಳಿ. ನಮ್ಮ ಚರ್ಮದಲ್ಲಿ ಸುಕ್ಕಿಗಿಂತ ಮೊದಲು ವಯಸ್ಸನ್ನು ಹೇಳುವುದು ಕಲೆ, ಬಣ್ಣದ ಏರುಪೇರು. ರಾತ್ರಿ ಹಚ್ಚುವ ಟ್ರೆಟಿನಾಯಿನ್ ಕ್ರೀಮ್ ಸಣ್ಣ ಗೆರೆಗಳಿಗೆ ಒಳ್ಳೆಯದು. ಆದರೆ ಆರಂಭದಲ್ಲಿ ಚರ್ಮ ಕೆಂಪಾಗಿ ಸಿಪ್ಪೆ ಏಳುವುದರಿಂದ ಅದನ್ನೂ ಮದುವೆಯ ನಂತರಕ್ಕೆ ಇಟ್ಟುಕೊಳ್ಳಿ.

ಮನೆಯವರ ಮಾತಿಗೆ ಏನು ಹೇಳಲಿ? ಈ ವಯಸ್ಸಿನಲ್ಲಿ ಯಾಕೆ ಎಂಬ ಪ್ರಶ್ನೆಯನ್ನು ನಾನು ಹೆಂಗಸರ ಬಾಯಲ್ಲಿ ಕೇಳಿದ್ದೇ ಕಡಿಮೆ, ಅವರ ಬಗ್ಗೆ ಬೇರೆಯವರ ಬಾಯಲ್ಲಿ ಕೇಳಿದ್ದೇ ಹೆಚ್ಚು. ಮಾಡಿಸಿಕೊಳ್ಳದಿದ್ದರೂ ನಿಮಗೇನೂ ಕೊರತೆಯಿಲ್ಲ. ಮಾಡಿಸಿಕೊಂಡರೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರ ಮುಂದೆಯೇ ತಮ್ಮ ಪ್ರಶ್ನೆ ಕೇಳಲಿ.

ಹೋಗುವುದು ಚರ್ಮರೋಗದಲ್ಲಿ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವರ ಬಳಿಗೆ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಕಾಯ್ದೆಯಡಿ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರವನ್ನೂ, ವೈದ್ಯರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ ನೋಡಿ. ಸೂಜಿ ಹಿಡಿಯುವುದು ಅವರೇ, ಅವರ ಸಹಾಯಕರಲ್ಲ ಎಂದು ಖಚಿತಪಡಿಸಿಕೊಳ್ಳಿ. ಮುಂದೆ ಎಂದಾದರೂ ಫಿಲ್ಲರಿಗೆ ಹೋದರೆ ಹೈಯಲುರಾನಿಡೇಸ್ ಇಲ್ಲೇ ಇದೆಯೇ ಎಂದು ಕೇಳಿ. ಬೇಕಾದರೆ ತರಿಸುತ್ತೇವೆ ಎಂದರೆ ಎದ್ದು ಬನ್ನಿ.

ಮೊದಲ ಭೇಟಿಗೆ ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಇರಲಿ. ಜೊತೆಗೆ ಹತ್ತು ವರ್ಷ ಹಿಂದಿನ ನಿಮ್ಮದೊಂದು ಫೋಟೋ ಇರಲಿ, ನೀವು ನಗುತ್ತಿರುವಂಥದ್ದು. ಬದಲಾದದ್ದು ಹುಬ್ಬೋ ಕೆನ್ನೆಯೋ ಎಂದು ಅದನ್ನು ನೋಡಿದರೆ ತಿಳಿಯುತ್ತದೆ. ನನ್ನ ಬಳಿ ಬರುವವರಿಂದಲೂ ನಾನು ಮೊದಲು ಕೇಳುವುದು ಅದನ್ನೇ.